ಎಪ್ಪತ್ತೆಂಟು ಡಿಗ್ರಿಯ ಶನಿವಾರ

ಘಟನೆಗಳ ಕ್ರಮ ಹೀಗಿದೆ. ಜನವರಿಯ ಎರಡನೆಯ ಶುಕ್ರವಾರ ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ, ಫಿನ್ನರ ನಾಡಿನ ಈಸಲ್ಮಿ ಪಟ್ಟಣದ ಮೂರು ಮಹಡಿಯ ವಸತಿ ಕಟ್ಟಡವೊಂದರಲ್ಲಿ, ತೌನೊ ಕೆರ್ವಿನೆನ್ ಎಂಬ ಐವತ್ತೊಂಬತ್ತು ವರ್ಷದ ಗೃಹಸ್ಥನು ಎಲ್ಲರಿಗೂ ಸೇರಿದ ಸೌನಾದ, ಅಂದರೆ ಹಬೆಸ್ನಾನದ ಮನೆಯ, ಬಟ್ಟೆ ಬದಲಿಸುವ ಕೋಣೆಯಲ್ಲಿ ಸ್ಟೂಲು ಹತ್ತಿ ನಿಂತು, ಕಿಟಕಿಯ ಮೇಲಿನ ಹಲಗೆಯ ಹಿಂದೆ ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿ ಪೆಟ್ಟಿಗೆಯೊಂದನ್ನು ಅಡಗಿಸಿದನು. ಅದರ ತಂತಿಯನ್ನು ಬಾಗಿಲ ಸಂದಿನಿಂದ ಪಕ್ಕದ ಬಿಸಿಕೋಣೆಯೊಳಕ್ಕೆ ತೂರಿಸಿದನು. ಮರುದಿನ, ಅಂದರೆ ಶನಿವಾರ, ಮಧ್ಯಾಹ್ನ ಮೂರಕ್ಕೆ ಸೌನಾದ ಒಲೆ ಕಾಯತೊಡಗಿತು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕಿಟಕಿಯಾಚೆಯ ಅಂಗಳದಲ್ಲಿ ಒಂದು ಕಾರು ತನ್ನ ಯಜಮಾನನನ್ನು ಗುರುತಿಸಲು ನಿರಾಕರಿಸಿತು. ಐದು ಗಂಟೆಯ ಹೊತ್ತಿಗೆ ಅಂಗಳದ ಹದಿನೈದು ಕಾರುಗಳಲ್ಲಿ ಒಂದೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಮೊದಲ ಎರಡು ಸಂಗತಿಗಳಿಗೂ ಕೊನೆಯ ಎರಡಕ್ಕೂ ಏನಾದರೂ ಸಂಬಂಧವಿದ್ದೀತೆಂಬುದು ತೌನೊಗೆ ಎರಡು ವಾರ ಹೊಳೆಯಲಿಲ್ಲ.

ಹೊಳೆಯದಿದ್ದುದಕ್ಕೆ ಕಾರಣವಿತ್ತು. ಆ ಪೆಟ್ಟಿಗೆಯನ್ನು ಅವನು ತನ್ನ ಮನಸ್ಸಿನಿಂದಲೂ ಅಡಗಿಸಿಟ್ಟಿದ್ದನು. ಕಟ್ಟಡದಲ್ಲಿ ತೌನೊಗೆ ಒಂದು ಹೆಸರಿತ್ತು: ಅವನ ಚರ್ಮಕ್ಕೆ ಡಿಗ್ರಿ ತಿಳಿಯುತ್ತದೆ. ಬಿಸಿಕೋಣೆಯ ಬಾಗಿಲಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, 'ಎಂಬತ್ತೊಂದು' ಎನ್ನುವನು. ಒಳಗೆ ಹೋಗಿ ನೋಡಿದರೆ ಗೋಡೆಯ ಉಷ್ಣಮಾಪಕವೂ ಎಂಬತ್ತೊಂದು ಎನ್ನುವುದು. ಮೊದಲೆರಡು ಬಾರಿ ಅದು ಕಾಕತಾಳೀಯವಾಗಿತ್ತು. ಮೂರನೆಯ ಬಾರಿ ಹನ್ನೊಂದು ಡಿಗ್ರಿ ತಪ್ಪಿತು. ಪ್ರತಿಷ್ಠೆಗೆ ಬಿದ್ದ ಆ ಬಿರುಕನ್ನು ಮುಚ್ಚಲೆಂದೇ ತೌನೊ ತಂತಿಯಿಲ್ಲದೆ ದೂರಕ್ಕೆ ಸುದ್ದಿ ಕಳಿಸುವ ಉಷ್ಣಮಾಪಕವನ್ನು ತರಿಸಿದ್ದನು. ತಂತಿಯ ತುದಿ ಅಳೆದ ಸೌನಾದ ಬಿಸಿಯನ್ನು ಪೆಟ್ಟಿಗೆ ನಿಮಿಷಕ್ಕೊಮ್ಮೆ ರೇಡಿಯೋ ತರಂಗದ ಮೂಲಕ ಕೂಗಿ ಹೇಳುತ್ತದೆ. ಮೂರನೆಯ ಮಹಡಿಯ ಅವನ ಅಡುಗೆಮನೆಯ ಗೋಡೆಯಲ್ಲಿರುವ ಪುಟ್ಟ ಪರದೆ ಅದನ್ನು ಕೇಳಿಸಿಕೊಂಡು ತೋರಿಸುತ್ತದೆ. ಅದನ್ನು ನೋಡಿಕೊಂಡು ಇಳಿದರಾಯಿತು. ಉಳಿದದ್ದನ್ನು ಚರ್ಮ ನೋಡಿಕೊಳ್ಳುತ್ತದೆ.

ಈಗ ಆ ಶನಿವಾರಕ್ಕೆ ಬರೋಣ. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿನ ಚಳಿ. ಅಂಗಳದಲ್ಲಿ ತೌನೊ ತನ್ನ ಕಾರಿನ ಮುಂದೆ ನಿಂತು ರಿಮೋಟ್ ಕೀ ಒತ್ತುತ್ತಿದ್ದನು. ಹಿಂದಿನ ಸೀಟಿನ ಮೇಲೆ, ಪತ್ರಿಕೆಯಲ್ಲಿ ಸುತ್ತಿದ ಕಲಕುಕ್ಕೊ ಒಂದಿತ್ತು. ದಪ್ಪ ರೈ ರೊಟ್ಟಿಯ ಹೊಟ್ಟೆಯೊಳಗೆ ಸಣ್ಣ ಮೀನುಗಳನ್ನು ಒತ್ತೊತ್ತಾಗಿ ತುಂಬಿ ದಿನವಿಡೀ ಬೇಯಿಸಿದ ಎರಡು ಕಿಲೋ ತೂಕದ ಆ ಭಕ್ಷ್ಯವನ್ನು ನಾದಿನಿಯ ಹುಟ್ಟುಹಬ್ಬಕ್ಕೆಂದು ಅವನು ಎರಡೂವರೆಗೆ ಸಂತೆಯಿಂದ ತಂದು, ಹೇಗೂ ನಾಲ್ಕಕ್ಕೆ ಹೊರಡುವುದಲ್ಲವೇ ಎಂದು ಕಾರಿನಲ್ಲೇ ಬಿಟ್ಟು ಬೀಗ ಹಾಕಿದ್ದನು.

"ಸರಿಯಾಗಿ ಒತ್ತು," ಎಂದಳು ಹೆಂಡತಿ ರೈಲಿ, ಕೋಟಿನೊಳಗೆ ಕೈ ಹುದುಗಿಸಿಕೊಂಡು.

"ಒತ್ತೋದರಲ್ಲಿ ಸರಿ ತಪ್ಪು ಅಂತ ಇರಲ್ಲ ರೈಲಿ. ಗುಂಡಿ ಒಂದೇ."

"ಹಾಗಾದ್ರೆ ಇನ್ನೊಂದು ಕೀ ತಾ."

ತೌನೊ ಮತ್ತೊಮ್ಮೆ ಗುಂಡಿ ಒತ್ತಿದನು. "ಅದು ಕಾರೊಳಗಿದೆ."

"ಕಾರೊಳಗೆ."

"ಕಳೆದುಹೋಗಬಾರದು ಅಂತ."

ರಿಮೋಟಿನ ಬೆನ್ನಲ್ಲಿ ಅಡಗಿರುವ ಲೋಹದ ಕೀಯನ್ನು ಎಳೆದು ಬಾಗಿಲ ಕಿಂಡಿಗೆ ತೂರಿಸಿ ನೋಡಿದ್ದೂ ಆಯಿತು. ಏಳು ವರ್ಷದಲ್ಲಿ ಒಮ್ಮೆಯೂ ತಿರುಗದ ಆ ಬೀಗ ಈಗ ತಿರುಗಲು ಒಪ್ಪಲಿಲ್ಲ. ಹೆಪ್ಪುಗಟ್ಟಿದ ಬೀಗಕ್ಕೆ ಸಿಂಪಡಿಸುವ ಔಷಧವೊಂದಿತ್ತು. ಅದೆಲ್ಲಿದೆಯೆಂದು ರೈಲಿ ಕೇಳಲಿಲ್ಲ; ಗಂಡನ ಮುಖ ನೋಡಿ ಬಸ್‌ನಿಲ್ದಾಣದ ಕಡೆಗೆ ನಡೆದಳು.

ಅಷ್ಟರಲ್ಲಿ ಅಂಗಳಕ್ಕೆ ಉಳಿದವರೂ ಇಳಿದಿದ್ದರು. ಒಬ್ಬರ ಕಾರೂ ತೆರೆಯಲಿಲ್ಲ. ಫಿನ್ನರು ಇಂಥ ಸಂದರ್ಭದಲ್ಲಿ ಕೂಗಾಡುವವರಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಕಾರಿನ ಮುಂದೆ, ಒಬ್ಬರಿಂದೊಬ್ಬರು ಯೋಗ್ಯ ಅಂತರದಲ್ಲಿ, ತಪ್ಪು ತಮ್ಮದೇ ಎಂಬಂತೆ ತಲೆ ತಗ್ಗಿಸಿ ಒತ್ತುತ್ತಿದ್ದರು.

ಆರು ಗಂಟೆಗೆ ಐದು ನಿಮಿಷವಿರುವಾಗ ತೌನೊ ಟವೆಲು ಹೆಗಲಿಗೆ ಹಾಕಿಕೊಂಡು ಸೌನಾಕ್ಕೆ ಇಳಿದನು. ಕಾರು ಹೋದರೆ ಹೋಗಲಿ, ಶನಿವಾರದ ಆರು ಗಂಟೆ ಇತ್ತು. ಗೋಡೆಯ ಮೇಲಿನ ಸರದಿಯ ಪಟ್ಟಿಯಲ್ಲಿ ಶನಿವಾರ ಆರರಿಂದ ಏಳು ಎಂಬ ಚೌಕಕ್ಕಾಗಿ ಅವನು ಒಂಬತ್ತು ವರ್ಷ ಕಾದಿದ್ದನು. ಅದನ್ನು ಹಿಡಿದಿದ್ದ ಇಂಪಿ ಎಂಬ ವೃದ್ಧೆ ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಾಗ ತೌನೊ ಶವಸಂಸ್ಕಾರಕ್ಕೆ ಎಲ್ಲರಿಗಿಂತ ದೊಡ್ಡ ಹೂಮಾಲೆ ಒಯ್ದನು. ಅವನು ಹೃತ್ಪೂರ್ವಕವಾಗಿ ದುಃಖಿಸಿದನೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಸೋಮವಾರವೇ ಅರ್ಜಿ ಸಲ್ಲಿಸಿದನೆಂಬುದನ್ನೂ ಅಲ್ಲಗಳೆಯಲಿಲ್ಲ. ಕಾಯುವ ಪಟ್ಟಿಯಲ್ಲಿ ಅವನ ನಂತರದವನು ಎರಡನೆಯ ಮಹಡಿಯ ವಿಲ್ಯೊ. ಅವನಿಗೆ ಬುಧವಾರ ಮೂರು ಗಂಟೆಯ ಸರದಿ, ಮನುಷ್ಯರಾದವರು ಸ್ನಾನ ಮಾಡದ ಹೊತ್ತು.

ಐದರ ಸರದಿ ಮುಗಿಸಿದ ಸಿರ್ಕ್ಕಾ ಕೆಂಪೇರಿ ಹೊರಬಂದಳು. ನಿವೃತ್ತ ಶಾಲಾಶಿಕ್ಷಕಿಯಾದ ಆಕೆ ವಸತಿ ಸಂಘದ ಅಧ್ಯಕ್ಷೆಯೂ ಹೌದು.

ತೌನೊ ಬಾಗಿಲಿಗೆ ಅಂಗೈ ಒತ್ತಿದನು. "ಎಪ್ಪತ್ತೆಂಟು."

"ಗೋಡೆ ಮಾಪಕ ಎಂಬತ್ತಾರು ಅಂತಿದೆ ತೌನೊ."

ಅಡುಗೆಮನೆಯ ಪರದೆ ಎಪ್ಪತ್ತೆಂಟು ಎಂದಿತ್ತು. ತೌನೊ ಕರುಣೆಯಿಂದ ನಕ್ಕನು. "ಗೋಡೆ ಮಾಪಕಕ್ಕೆ ವಯಸ್ಸಾಯ್ತು."

ಮುಂದಿನ ವಾರ ಸಂಘವು ಹೊಸ ಗೋಡೆ ಮಾಪಕ ತಂದಿತು. ಅದೂ ಎಂಬತ್ತಾರು ಎಂದಿತು. ತೌನೊ, "ಹೊಸದು, ಇನ್ನೂ ಪಳಗಿಲ್ಲ," ಎಂದನು. ಒಲೆ ಕಾದ ದಿನಗಳಲ್ಲೆಲ್ಲ ಅಡುಗೆಮನೆಯ ಪರದೆ ಎಪ್ಪತ್ತೆಂಟಕ್ಕೆ ಬಂದು ಅಲ್ಲಿಯೇ ನಿಲ್ಲುತ್ತಿತ್ತು, ಕದಲುತ್ತಿರಲಿಲ್ಲ. ಇಡೀ ಕಟ್ಟಡದಲ್ಲಿ ಮಾತಿಗೆ ತಪ್ಪದ ಯಂತ್ರ ಇದೊಂದೇ ಎಂದು ತೌನೊ ಅದನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದನು.

ಆದರೆ ಮೊದಲ ಶನಿವಾರದ ಸಂಜೆಯೇ ಅವನು ಇನ್ನೊಂದು ಕೆಲಸಕ್ಕೆ ಕೈಹಾಕಿದ್ದನು. ಸೌನಾದಿಂದ ಬಂದು, ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಚೌಕಳಿ ನೋಟುಪುಸ್ತಕ ತೆರೆದು, ರಿಮೋಟ್ ಕೀ ಆರೋಗ್ಯವಾಗಿದೆಯೇ ಎಂಬುದನ್ನು ವ್ಯವಸ್ಥಿತವಾಗಿ ಪರೀಕ್ಷಿಸತೊಡಗಿದನು. ಒತ್ತಿದಾಗಲೆಲ್ಲ ಕೀಯ ಮೂಗಿನ ಮೇಲೆ ಕೆಂಪು ದೀಪ ಮಿಣುಕುತ್ತಿತ್ತು. ಮಿಣುಕಿದ್ದಕ್ಕೆ ಒಂದು ಗೀಟು. ಸಂಜೆಯಲ್ಲಿ ಮುನ್ನೂರ ನಾಲ್ಕು ಗೀಟು, ಭಾನುವಾರ ಬೆಳಗಿನ ಕಾಫಿಯೊಡನೆ ಮುನ್ನೂರ ಏಳು. ಆರುನೂರ ಹನ್ನೊಂದರಲ್ಲಿ ಒಂದೂ ತಪ್ಪಲಿಲ್ಲ.

ಭಾನುವಾರ ಹತ್ತು ಗಂಟೆಗೆ ಹದಿನಾಲ್ಕು ಕಾರುಗಳು ಏನೂ ಆಗಿಲ್ಲವೆಂಬಂತೆ ತೆರೆದುಕೊಂಡವು. ತೌನೊನ ಕಾರು ತೆರೆಯಲಿಲ್ಲ. ಸೋಮವಾರವೂ ತೆರೆಯಲಿಲ್ಲ. ಬುಧವಾರ ಸಂಜೆ ಎಲ್ಲರವೂ ಮತ್ತೆ ಮುಷ್ಕರ ಹೂಡಿದವು, ಗುರುವಾರ ಕೆಲಸಕ್ಕೆ ಮರಳಿದವು. ತೌನೊನದು ಮಾತ್ರ ಮರಳಲಿಲ್ಲ.

ಅವನು ವರ್ಕ್‌ಶಾಪಿಗೆ ಫೋನು ಮಾಡಿದನು.

"ಗಾಡಿ ತನ್ನಿ, ನೋಡ್ತೀವಿ," ಎಂದಿತು ಅತ್ತಲಿನ ದನಿ.

"ತೆರೆಯೋದೇ ಇಲ್ಲ ಅಂತಿದೀನಲ್ಲ, ಹೇಗೆ ತರಲಿ?"

"ತಂದ್ರೆ ತೆಗೀತೀವಿ."

"ತೆಗೆದ್ರೆ ತರ್ತೀನಿ."

ಅತ್ತ ಯಾರೋ ಕಾಫಿ ಹೀರಿದ ಸದ್ದು. "ಎಳೆದುಕೊಂಡು ಬರೋ ಗಾಡಿ ಫೆಬ್ರವರಿ ಒಂಬತ್ತಕ್ಕೆ ಖಾಲಿ ಇದೆ. ಅಲ್ಲಿ ತನಕ ಹೀಟರ್ ವೈರು ಕೀಳಬೇಡಿ. ಈ ಚಳಿಗೆ ಬ್ಯಾಟರಿ ಸತ್ರೆ ಅದು ಬೇರೆ ತಾಪತ್ರಯ."

ಅಂಗಳದ ಪ್ರತಿ ಕಾರಿನ ಪಕ್ಕದಲ್ಲೂ ಒಂದು ವಿದ್ಯುತ್ ಕಂಬ. ಅದರಿಂದ ಎಳೆದ ತಂತಿ ಬೆಳಗ್ಗೆ ಎರಡು ತಾಸು ಎಂಜಿನ್ನನ್ನೂ ಕಾರಿನ ಒಳಗನ್ನೂ ಬೆಚ್ಚಗೆ ಮಾಡುತ್ತದೆ. ಹೀಗಾಗಿ ಪ್ರತಿದಿನ ಬೆಳಗ್ಗೆ ಆರರಿಂದ ಎಂಟರವರೆಗೆ ತೌನೊನ ಕಾರಿನೊಳಗೆ ಹಿತವಾದ ವಸಂತಕಾಲವಿರುತ್ತಿತ್ತು. ಅದನ್ನು ಅನುಭವಿಸಲು ಅಲ್ಲಿದ್ದದ್ದು ಕಲಕುಕ್ಕೊ ಒಂದೇ. ಅದು ಎಂಟಕ್ಕೆ ಹೆಪ್ಪುಗಟ್ಟಿ, ಮರುದಿನ ಆರಕ್ಕೆ ಮತ್ತೆ ಜೀವ ತಾಳುತ್ತಿತ್ತು. ಎರಡನೆಯ ವಾರದಲ್ಲಿ ಪಕ್ಕದ ಕಾರಿನವರು ತಮ್ಮ ಕಾರನ್ನು ಅಂಗಳದ ಇನ್ನೊಂದು ತುದಿಗೆ ಒಯ್ದರು. ರೈಲಿಯ ತಂಗಿ ಫೋನು ಮಾಡಿ, "ಉಡುಗೊರೆ ಇನ್ನು ಕಳಿಸಬೇಡಿ ಅಂತ ಭಾವನಿಗೆ ಹೇಳು," ಎಂದಳು.

ತೌನೊ ಯೋಚಿಸಿದನು. ಎಲ್ಲರ ಕಾರಿಗೂ ಆಗಾಗ ಬರುವ ರೋಗ ತನ್ನ ಕಾರಿಗೆ ಶಾಶ್ವತವಾಗಿ ಬಂದಿದೆಯೆಂದರೆ ಯಾರೋ ತನ್ನನ್ನೇ ಗುರಿಯಿಟ್ಟಿದ್ದಾರೆ. ಆ ಯಾರೋ ಯಾರೆಂಬುದಕ್ಕೆ ತಲೆ ಎತ್ತಿ ನೋಡಿದರೆ ಸಾಕಿತ್ತು: ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ವಿಲ್ಯೊನ ಆಂಟೆನಾ. ವಿಲ್ಯೊಗೆ ಎಪ್ಪತ್ತು ವರ್ಷ; ಹವ್ಯಾಸಿ ರೇಡಿಯೋದವನು; ಬ್ರೆಜಿಲ್ಲಿನ ಅಪರಿಚಿತರೊಡನೆ ನಿತ್ಯ ಮಾತನಾಡುತ್ತಾನೆ, ಪಕ್ಕದ ಮನೆಯವರೊಡನೆ ವರ್ಷಕ್ಕೆರಡು ಬಾರಿ.

ಎರಡನೆಯ ವಾರದ ಗುರುವಾರ ಬಟ್ಟೆ ಒಣಹಾಕುವ ಕೋಣೆಯಲ್ಲಿ ಸಂಘದ ತುರ್ತುಸಭೆ ಸೇರಿತು. ತೌನೊ ಮೂರು ಬಣ್ಣದ ಪೆನ್ನುಗಳಲ್ಲಿ ಬರೆದ ನಕ್ಷೆಯನ್ನು ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಬಿಟ್ಟನು.

"ಬುಧವಾರ, ಶುಕ್ರವಾರ, ಶನಿವಾರ. ಸಂಜೆ ನಾಲ್ಕರಿಂದ ಒಂಬತ್ತು. ಇದು ಯಂತ್ರದ ಕೆಲಸ ಅಲ್ಲ. ಇದರ ಹಿಂದೆ ಒಂದು ಮನಸ್ಸಿದೆ."

"ಬುಧ, ಶುಕ್ರ, ಶನಿ ಸೌನಾ ದಿನ ಅಲ್ವಾ?" ಎಂದಳು ರೈಲಿ.

"ಅದೇ ನಾನು ಹೇಳೋದು. ಎಲ್ಲರೂ ಬೆತ್ತಲೆಯಾಗಿ, ನಿರಾಯುಧರಾಗಿ ಕೂತಿರೋ ಹೊತ್ತನ್ನೇ ಅವನು ಆರಿಸಿಕೊಂಡಿದಾನೆ."

ಸಭೆ ಮೆಲ್ಲನೆ ವಿಲ್ಯೊನ ಕಡೆ ತಿರುಗಿತು.

"ನಂದಲ್ಲ," ಎಂದನು ವಿಲ್ಯೊ. ಒಂದು ನಿಮಿಷದ ಮೇಲೆ, "ಹುಡುಕಿ ಕೊಡಲಾ?"

"ಆಪಾದಿತನೇ ತನಿಖೆ ಮಾಡೋದಾ? ಚೆನ್ನಾಗಿದೆ," ಎಂದನು ತೌನೊ. "ರೇಡಿಯೋ ತರಂಗಗಳ ಉಸ್ತುವಾರಿ ಇಲಾಖೆಗೆ ನಾನಾಗಲೇ ಬರೆದಿದೀನಿ. ಅವರು ಬರ್ತಾರೆ. ಅದಕ್ಕೆ ಮುಂಚೆ ಒಂದು ನಿರ್ಣಯ ಆಗಲಿ. ತೊಂದರೆಯ ಮೂಲ ಯಾವ ಮನೆಯದು ಅಂತ ತೀರ್ಮಾನ ಆಗುತ್ತೋ ಆ ಮನೆಯ ಸೌನಾ ಸರದಿ ಅವತ್ತೇ ರದ್ದಾಗಬೇಕು. ಕಾಯೋ ಪಟ್ಟಿಯಲ್ಲೂ ಹೆಸರಿರಬಾರದು."

ಒಣಹಾಕಿದ ಚಾದರಗಳ ನಡುವೆ ಒಂದು ನಡುಕ ಹಾದುಹೋಯಿತು. ಈ ಊರಿನಲ್ಲಿ ಮನುಷ್ಯನಿಂದ ಓಟಿನ ಹಕ್ಕು ಕಿತ್ತುಕೊಂಡರೂ ಅವನು ಹೇಗೋ ಬದುಕಿಯಾನು.

"ಎಷ್ಟು ಕಾಲ?" ಎಂದು ಸಿರ್ಕ್ಕಾ ಪೆನ್ನು ಎತ್ತಿ ಕೇಳಿದಳು.

"ಶಾಶ್ವತವಾಗಿ."

"ಶಾಶ್ವತವಾಗಿ ಅಂತಲೇ ಬರೆಯಲಾ?"

"ಕೆಳಗೆ ಎರಡು ಗೀಟು ಎಳಿ."

ಸಿರ್ಕ್ಕಾ ಎಳೆದಳು, ಅಳತೆಪಟ್ಟಿ ಇಟ್ಟು. ಕೈಗಳು ಎದ್ದವು. ವಿಲ್ಯೊನದೂ ಎದ್ದಿತು.

"ನಿನಗೆ ಅರ್ಥವಾಯ್ತು ತಾನೆ, ವಿಲ್ಯೊ?" ಎಂದಳು ಸಿರ್ಕ್ಕಾ.

"ನ್ಯಾಯವಾಗಿದೆ," ಎಂದನು ವಿಲ್ಯೊ.

ಇಲಾಖೆಯ ಪರೀಕ್ಷಕಿ ಮೂರನೆಯ ಶನಿವಾರ, ನಾಲ್ಕೂವರೆಗೆ ಸರಿಯಾಗಿ ಬಂದಳು. ಸಾತು ಎಂದು ಹೆಸರು, ಮೂವತ್ತರ ಆಸುಪಾಸು, ಕಿವಿ ಮುಚ್ಚುವ ಟೋಪಿ. ಕೈಯಲ್ಲಿ ಮೀನಿನ ಮುಳ್ಳಿನಂಥ ಆಂಟೆನಾ, ಕುತ್ತಿಗೆಯಲ್ಲಿ ಗುಂಯ್‌ಗುಟ್ಟುವ ಪೆಟ್ಟಿಗೆ. ಕಟ್ಟಡಕ್ಕೆ ಕಟ್ಟಡವೇ ಫ್ಲಾಸ್ಕು ಹಿಡಿದು ಅಂಗಳಕ್ಕಿಳಿದಿತ್ತು.

"ಕಾರಿನ ಕೀ ಅಂದ್ರೆ ಒಂದು ಪುಟ್ಟ ರೇಡಿಯೋ," ಎಂದು ಅವಳು ನಡೆಯುತ್ತಲೇ ಹೇಳಿದಳು. "ಅದು ಪಿಸುಗುಡುತ್ತೆ, ಕಾರು ಕಿವಿಗೊಟ್ಟು ಕೇಳುತ್ತೆ. ಈ ಅಂಗಳದಲ್ಲಿ ಅದೇ ಸ್ವರದಲ್ಲಿ ಇನ್ನೊಂದೇನೋ ನಿಲ್ಲಿಸದೆ ಕಿರುಚ್ತಾ ಇದೆ. ಕಾರಿಗೆ ಪಿಸುಮಾತು ಕೇಳಿಸ್ತಿಲ್ಲ, ಅಷ್ಟೇ."

"ಕಿರುಚೋದು ಅಲ್ಲಿಂದ," ಎಂದು ತೌನೊ ವಿಲ್ಯೊನ ಬಾಲ್ಕನಿ ತೋರಿಸಿದನು.

ಸಾತು ಆಂಟೆನಾ ಎತ್ತಿ ಬಾಲ್ಕನಿಗೆ ಹಿಡಿದಳು. ಪೆಟ್ಟಿಗೆ ಸುಮ್ಮನಾಯಿತು. ಮೂರನೆಯ ಮಹಡಿಗೆ ಹಿಡಿದಳು, ಸುಮ್ಮನೆ. ಕಸದ ತೊಟ್ಟಿಗೆ, ಸುಮ್ಮನೆ. ಮೆಲ್ಲಗೆ ತಿರುಗುತ್ತ ಸೌನಾದ ಕಿಟಕಿಯ ಕಡೆ ಬಂದಾಗ ಪೆಟ್ಟಿಗೆ ಹಂದಿಮರಿಯಂತೆ ಅರಚಿತು.

ತೌನೊನ ಚರ್ಮಕ್ಕೆ ಡಿಗ್ರಿ ತಿಳಿಯುತ್ತದೆಂಬುದು ಆ ಕ್ಷಣಕ್ಕೆ ನಿಜವಾಯಿತು: ಅಂಗಾಲಿನಿಂದ ನೆತ್ತಿಯವರೆಗೆ ಅವನು ತಣ್ಣಗಾದನು.

"ಒಳಗೆ ಹೋಗೋ ಹಾಗಿಲ್ಲ," ಎಂದನು, ಬಾಗಿಲಿಗೆ ಅಡ್ಡ ನಿಂತು. "ಐದರ ಸರದಿಯವರು ಇರ್ತಾರೆ. ಬಟ್ಟೆ ಇಲ್ಲದೆ."

"ಐದರದು ನಂದು," ಎಂದಳು ಸಿರ್ಕ್ಕಾ. "ನಾನು ಇಲ್ಲೇ ಇದೀನಿ. ಬಟ್ಟೆ ಹಾಕ್ಕೊಂಡು."

"ಹಾಗಾದ್ರೆ ಮುಂದಿನ ವಾರ ಬಂದ್ರೆ ಆಗಲ್ವಾ? ಈ ಚಳೀಲಿ ಪಾಪ, ಅಷ್ಟು ದೂರದಿಂದ..."

"ನೀವೇ ನಾಲ್ಕು ಸಲ ಅರ್ಜಿ ಹಾಕಿದೀರಿ," ಎಂದಳು ಸಾತು. "ಕೊನೇದರಲ್ಲಿ 'ಜೀವನ್ಮರಣದ ಪ್ರಶ್ನೆ' ಅಂತ ಬರೆದಿದೀರಿ."

ಅವಳು ಹೊಸ್ತಿಲಲ್ಲಿ ಬೂಟು ಕಳಚಿದಳು. ಹಿಂದಿದ್ದ ಹದಿನೇಳು ಮಂದಿಯೂ ಕಳಚಿದರು. ಕಾಲುಚೀಲದ ಆ ಮೆರವಣಿಗೆ ಬಟ್ಟೆ ಬದಲಿಸುವ ಕೋಣೆಯನ್ನು ತುಂಬಿತು. ಸಾತು ಸ್ಟೂಲಿನ ಮೇಲೆ ಹತ್ತಿ, ಹಲಗೆಯ ಹಿಂದೆ ಕೈಹಾಕಿ, ಬಿಳಿ ಪೆಟ್ಟಿಗೆಯನ್ನು ಹೊರಗೆಳೆದಳು. ಅದರ ಮೈಮೇಲೆ ನೀರಹನಿ ಕೂತಿತ್ತು.

"ಒಳಗೆ ತೇವ ಹೋಗಿದೆ. ನಿಮಿಷಕ್ಕೊಮ್ಮೆ ಕೂಗಿ ಸುಮ್ಮನಾಗಬೇಕಾದ್ದು, ಒಲೆ ಕಾದು ಹಬೆ ತಗುಲಿದ ಕೂಡಲೇ ಒಂದೇ ಸಮ ಕೂಗೋಕೆ ಶುರುಮಾಡುತ್ತೆ. ಸುದ್ದಿ ಏನೂ ಹೋಗಲ್ಲ, ಬರೀ ಕಿರುಚಾಟ. ಇದರ ಪರದೆ ಎಲ್ಲಿದ್ರೂ ಕೊನೇ ಸಲ ಕೇಳಿಸಿಕೊಂಡ ಅಂಕಿಯಲ್ಲೇ ನಿಂತುಬಿಟ್ಟಿರುತ್ತೆ."

"ಎಪ್ಪತ್ತೆಂಟು," ಎಂದು ರೈಲಿ ಮೆಲ್ಲಗೆ ಹೇಳಿದಳು.

"ಇದು ಯಾರದು?" ಎಂದು ಸಿರ್ಕ್ಕಾ ಶಾಲೆಯ ದನಿಯಲ್ಲಿ ಕೇಳಿದಳು.

ತೌನೊ ಸುಮ್ಮನಿದ್ದುಬಿಟ್ಟರೆ ರೈಲಿಯ ಹೊರತು ಯಾರಿಗೂ ತಿಳಿಯುವಂತಿರಲಿಲ್ಲ. ಶನಿವಾರದ ಆರು ಗಂಟೆ ಇನ್ನೂ ಅವನದೇ ಆಗಿತ್ತು. ಆದರೆ ಅವನು ತನ್ನ ಸುತ್ತಿಗೆ, ಹಿಮದ ಸಲಿಕೆ, ಬೇಸಿಗೆಯ ಟೋಪಿ, ಎಲ್ಲಕ್ಕೂ ಚೀಟಿ ಅಂಟಿಸುವ ಮನುಷ್ಯ. ಸಾತು ಪೆಟ್ಟಿಗೆಯನ್ನು ತಿರುಗಿಸಿ ಓದಿದಳು:

"'ಟಿ. ಕೆರ್ವಿನೆನ್, ಮನೆ ಒಂಬತ್ತು. ಬ್ಯಾಟರಿ ಬದಲಿಸಿದ್ದು ಜನವರಿ ಎಂಟು.'"

"ಎರಡು ನಿಮಿಷ ಸಾಕಿತ್ತು," ಎಂದನು ವಿಲ್ಯೊ. "ನನ್ನ ಹತ್ರಾನೂ ಅಂಥ ಆಂಟೆನಾ ಇದೆ."

ಸಿರ್ಕ್ಕಾ ತೌನೊನನ್ನು ನೋಡಿದಳು. ಅವಳ ಮುಖದಲ್ಲಿ ಕೋಪಕ್ಕಿಂತ ದುಃಖವಿತ್ತು. "ಹಾಗಾದ್ರೆ ನಿನ್ನ ಚರ್ಮ?"

"ಅವನ ಚರ್ಮ ನಮ್ಮ ಅಡುಗೆಮನೆ ಗೋಡೆ ಮೇಲೆ ನೇತಾಡ್ತಿದೆ," ಎಂದಳು ರೈಲಿ. "ಎರಡು ಬ್ಯಾಟರಿ ಹಾಕಬೇಕು."

"ನಾವು ಚೆನ್ನಾಗಿದ್ದ ಮಾಪಕ ಬಿಸಾಕಿದ್ವಲ್ಲೋ ತೌನೊ," ಎಂದಳು ಸಿರ್ಕ್ಕಾ.

ತೌನೊಗೆ ಹೇಳಬೇಕಾದ್ದು ಒಂದೇ ಉಳಿದಿತ್ತು. "ಆದ್ರೆ ನನ್ನ ಕಾರು? ಅದು ಭಾನುವಾರಾನೂ ತೆರೆಯಲ್ಲ, ಸೋಮವಾರಾನೂ ತೆರೆಯಲ್ಲ. ಅದಕ್ಕೆ ಬೇರೆ ಯಾರೋ ಕಾರಣ ಇರಲೇಬೇಕು."

"ಕೀಯನ್ನ ಕಾರಿಂದ ದೂರ ಇದ್ದಾಗ ಒತ್ತಿದ್ರಾ?" ಎಂದಳು ಸಾತು.

ತೌನೊ ಒಳಜೇಬಿನಿಂದ ಚೌಕಳಿ ಪುಸ್ತಕ ತೆಗೆದು, ಇನ್ನೂ ಉಳಿದಿದ್ದ ಹೆಮ್ಮೆಯೊಂದಿಗೆ ಚಾಚಿದನು. ಸಾತು ಪುಟ ಮಗುಚಿದಳು. ಮತ್ತೊಂದು ಮಗುಚಿದಳು.

"ಆರುನೂರ ಹನ್ನೊಂದು," ಎಂದಳು.

"ಒಂದೂ ತಪ್ಪಿಲ್ಲ."

"ನೋಡಿ. ಕದ್ದು ಕೇಳಿದವರು ಅದನ್ನೇ ಮತ್ತೆ ಬಳಸಬಾರದು ಅಂತ ಕೀ ಪ್ರತಿ ಸಲಾನೂ ಹೊಸ ಗುಟ್ಟು ಹೇಳುತ್ತೆ. ಮುಂದಿನ ಗುಟ್ಟು ಯಾವುದು ಅನ್ನೋ ಪಟ್ಟಿ ಕಾರಿನ ಹತ್ರಾನೂ ಇರುತ್ತೆ. ನೀವು ಜೇಬಲ್ಲಿ ಹತ್ತಿಪ್ಪತ್ತು ಸಲ ಅಕಸ್ಮಾತ್ ಒತ್ತಿದ್ರೆ ಪರವಾಗಿಲ್ಲ, ಪಟ್ಟೀಲಿ ಸ್ವಲ್ಪ ಮುಂದೆ ಹುಡುಕುತ್ತೆ. ಈ ಥರದ ಕಾರು ಇನ್ನೂರೈವತ್ತಾರು ಸಾಲು ಹುಡುಕುತ್ತೆ. ಅದಕ್ಕಿಂತ ಮುಂದೆ ಹೋದವನನ್ನ ಪರಕೀಯ ಅಂತ ತಿಳಿಯುತ್ತೆ. ನೀವು ಅಡುಗೆಮನೇಲಿ ಕೂತು ಒಬ್ಬರೇ ಮುನ್ನೂರೈವತ್ತೈದು ಸಾಲು ಆಚೆ ಹೋಗಿಬಿಟ್ಟಿದೀರಿ. ಕಾರು ಇನ್ನೂ ಹಿಂದೇನೇ ಕಾಯ್ತಾ ಇದೆ."

ಕೋಣೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ತೌನೊ ಸಹಿಸಿಕೊಳ್ಳುತ್ತಿದ್ದನೇನೋ.

ಆರು ಗಂಟೆಗೆ ಹತ್ತು ನಿಮಿಷವಿತ್ತು. ಸಿರ್ಕ್ಕಾ ಗೋಡೆಯ ಪಟ್ಟಿಯ ಬಳಿಗೆ ಹೋಗಿ, ಅಳತೆಪಟ್ಟಿ ಇಟ್ಟು, ಶನಿವಾರದ ಚೌಕದೊಳಗಿನ ಹೆಸರಿನ ಮೇಲೆ ಒಂದು ನೇರವಾದ ಗೀಟು ಎಳೆದಳು. ಪಕ್ಕದಲ್ಲಿ ವಿಲ್ಯೊನ ಹೆಸರು ಬರೆದಳು.

"ಇವತ್ತಿಂದಾನಾ?" ಎಂದನು ವಿಲ್ಯೊ.

"ನಿರ್ಣಯ ಹಾಗಿದೆ."

ವಿಲ್ಯೊ ಟವೆಲು ತರಲು ಹೊರಟನು. ಹೋಗುವಾಗ ತೌನೊನ ಮುಂದೆ ಒಂದು ಕ್ಷಣ ನಿಂತನು. ಆ ವರ್ಷದ ಎರಡನೆಯ ಮಾತುಕತೆಯನ್ನು ಆಗಲೇ ಬಳಸಿಬಿಡುವುದೇ ಎಂದು ಅವನು ಲೆಕ್ಕ ಹಾಕುತ್ತಿದ್ದಂತಿತ್ತು. ಕೊನೆಗೆ, "ಒಳಗೆ ಎಷ್ಟಿರಬಹುದು?" ಎಂದು ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದನು.

ತೌನೊ ಅಭ್ಯಾಸಬಲದಿಂದ ಅಂಗೈಯನ್ನು ಬಾಗಿಲಿಗೆ ಒತ್ತಿದನು. ಬಾಗಿಲು ಬೆಚ್ಚಗಿತ್ತು. ಅದಕ್ಕಿಂತ ಹೆಚ್ಚೇನೂ ತಿಳಿಯಲಿಲ್ಲ.

"ಗೋಡೆ ಮಾಪಕ ನೋಡು," ಎಂದನು.

ಇಲಾಖೆಯ ವರದಿ ಹತ್ತು ದಿನದ ಮೇಲೆ ಬಂದಿತು. ಸಿರ್ಕ್ಕಾ ಅದನ್ನು ಮೆಟ್ಟಿಲ ಬಳಿಯ ಗಾಜಿನ ಫಲಕದೊಳಗೆ, ಎಲ್ಲರಿಗೂ ಕಾಣುವಂತೆ ಅಂಟಿಸಿದಳು. ತೀರ್ಮಾನದ ಭಾಗ ಇಷ್ಟೇ ಇತ್ತು: "ತೊಂದರೆಯ ಮೂಲವು ದೂರುದಾರರಿಗೇ ಸೇರಿದ ಉಷ್ಣಮಾಪಕದ ಪ್ರೇಷಕವೆಂದು ಸಂಜೆ ಐದು ಗಂಟೆ ಏಳು ನಿಮಿಷಕ್ಕೆ ಖಚಿತವಾಯಿತು. ಅದರ ಬ್ಯಾಟರಿಯನ್ನು ತೆಗೆದ ಕೂಡಲೇ ಅಂಗಳದಲ್ಲಿದ್ದ ಹದಿನೈದು ವಾಹನಗಳ ಪೈಕಿ ಹದಿನಾಲ್ಕು ತೆರೆದುಕೊಂಡವು. ಹದಿನೈದನೆಯದು, ದೂರುದಾರರದು, ತೆರೆದುಕೊಳ್ಳಲಿಲ್ಲ."